ಖಾಲಿ ಪೆಟ್ಟಿಗೆಯ ಶವಯಾತ್ರೆ

ಹೆಣವಿಲ್ಲದ ಹೆಣದ ಪೆಟ್ಟಿಗೆಗೆ ಬಡಗಿ ಓಬೆಡ್ ತನ್ನ ಅಂಗಡಿಯಲ್ಲಿ ಕಪ್ಪು ಬಳಿಯುತ್ತಿದ್ದ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ದೂರದ ವರ್ಜೀನಿಯಾದಲ್ಲಿ ತೀರಿಕೊಂಡು, ಅಲ್ಲೇ ಸಮಾಧಿಯೂ ಆಗಿತ್ತು. ಆದರೂ ಆ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಊರುಗಳು ಖಾಲಿ ಪೆಟ್ಟಿಗೆ ಹೊತ್ತು, ಗಂಟೆ ಬಾರಿಸಿ, ಅವರ ಶವಯಾತ್ರೆ ಮಾಡುತ್ತಿದ್ದವು.

ಓಬೆಡ್‌ನ ಅತ್ತಿಗೆ ಮೆಹಿಟಬಲ್ ಬಂದವಳೇ ಒಂದು ಹಳೇ ಕೋಟನ್ನು ಪೆಟ್ಟಿಗೆಯೊಳಗೆ ಮಲಗಿಸಿದಳು.

"ಅತ್ತಿಗೆ, ಇದು ಅಣ್ಣಂದು."

"ನಿಮ್ಮಣ್ಣಂಗೂ ಒಂದು ಸಮಾಧಿ ಬೇಡ್ವಾ? ಸುಮ್ನೆ ಮೊಳೆ ಹೊಡಿ."

ಇಪ್ಪತ್ತು ವರ್ಷಗಳ ಹಿಂದೆ ವಾಷಿಂಗ್ಟನ್ನರ ಸೇನೆಯಲ್ಲಿ ಯುದ್ಧಕ್ಕೆ ಹೋದ ಅವಳ ಗಂಡ ಅಸಹೆಲ್ ಮರಳಿರಲಿಲ್ಲ. ಹಿಮದ ಬಿಡಾರದಲ್ಲಿ ಜ್ವರ ಬಂದು, ರೋಗಿಗಳ ಗುಡಿಸಲಿಗೆ ಹೊತ್ತೊಯ್ದರಂತೆ, ಸತ್ತದ್ದನ್ನು ಕಂಡವರಿಲ್ಲ. ಜೊತೆಗಾರ ಜೋಯೆಲ್ ಅವನ ಕೋಟು ತೊಟ್ಟು ಊರಿಗೆ ಬಂದಾಗ, ದೂರದಿಂದ ಕೋಟನ್ನಷ್ಟೇ ನೋಡಿ ಮೆಹಿಟಬಲ್ ಬೇಲಿಯವರೆಗೆ ಓಡಿದ್ದಳು. ಅಂದಿನಿಂದ ಅವಳು ಬಾಗಿಲಿಗೆ ಅಗುಳಿ ಹಾಕಿದವಳಲ್ಲ. ಅವನಿಗೊಂದು ಸಮಾಧಿಯಾದರೆ ಹಾಕಬಹುದು. ಹಾಕಿ, ನಿದ್ದೆ ಮಾಡಬಹುದು.

ಮರುದಿನ ಹಳೇ ಸಿಪಾಯಿಗಳು ನಾಲ್ವರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಚರ್ಚಿನ ದಿಬ್ಬ ಹತ್ತುವಾಗ ಆ ಚಳಿಯಲ್ಲೂ ಬೆವೆತರು.

"ಏನ್ ತುಂಬಿದೀಯೋ ಓಬೆಡ್? ಅಧ್ಯಕ್ಷರನ್ನೇ ಕರೆಸ್ಕೊಂಡ್ಯಾ?" ಎಂದ ಒಬ್ಬ.

"ಬರೀ ಹಲಗೆ ಕಣೋ. ನಿನ್ನ ಹೊಟ್ಟೇನೇ ಭಾರ."

ನಕ್ಕರು. ಮುಂದೆ ಹೆಗಲು ಕೊಟ್ಟಿದ್ದ ಜೋಯೆಲ್ ಮಾತ್ರ ನಗಲಿಲ್ಲ.

ಪಾದ್ರಿ ಅಧ್ಯಕ್ಷರ ಸಾಧನೆಗಳನ್ನು ಹೇಳತೊಡಗಿದರು. ಯುದ್ಧ ಗೆದ್ದು ಕತ್ತಿಯನ್ನು ಕೆಳಗಿಟ್ಟರು. ಜಗಳವಾಡುವ ರಾಜ್ಯಗಳನ್ನು ಒಂದೇ ಸೂರಿನಡಿ ಹಿಡಿದಿಟ್ಟರು. ಎರಡು ಸಲ ಆಳಿ, ಮೂರನೆಯ ಸಲ ಒಲ್ಲೆನೆಂದರು. "ಎಲ್ಲಕ್ಕಿಂತ ದೊಡ್ಡದು, ಕೆಲಸ ಮುಗಿದೊಡನೆ ಅವರು ಮನೆಗೆ ಹೋದರು."

ಮೆಹಿಟಬಲ್‌ಗೆ ಆಮೇಲಿನ ಮಾತು ಕೇಳಿಸಲಿಲ್ಲ.

ನೆಲ ಹೆಪ್ಪುಗಟ್ಟಿತ್ತು. ಚಳಿಗಾಲದಲ್ಲಿ ಸತ್ತವರನ್ನೆಲ್ಲ ಮಣ್ಣು ಸಡಿಲವಾಗುವವರೆಗೆ ಇಡುವ ಕಲ್ಲುಕೋಣೆಯಲ್ಲೇ ಪೆಟ್ಟಿಗೆಯನ್ನೂ ಇಳಿಸಿದರು. ಪ್ರಾರ್ಥನೆ ಮುಗಿಯಿತು.

"ಸರಿ, ಇನ್ನು ಅಂಗಡಿಗೆ ವಾಪಸ್ಸು ಎತ್ತಿ," ಎಂದರು ಊರ ಹಿರಿಯ ಕ್ಯಾಪ್ಟನ್ ಲೋತ್ರಪ್. "ಊರಿನ ಮರ. ಮುಂದೆ ಸಾಯೋರಿಗೆ ಆಗುತ್ತೆ."

ಮೆಹಿಟಬಲ್ ಪೆಟ್ಟಿಗೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅಂಗಡಿಗೆ ಹೋದರೆ ಕೋಟು ಮತ್ತೆ ಮನೆಯ ಗೂಟಕ್ಕೇ.

ಜೋಯೆಲ್ ಮುಚ್ಚಳದ ಮೇಲೆ ಅಂಗೈ ಊರಿದ. "ಆಗಲ್ಲ ಕ್ಯಾಪ್ಟನ್ರೇ."

"ಯಾಕಯ್ಯಾ? ಖಾಲಿ ಪೆಟ್ಟಿಗೆ."

"ದಿಬ್ಬದಲ್ಲಿ ಒಳಗೆ ಯಾರೋ ಮಗ್ಗಲು ಬದಲಾಯಿಸಿದ್ರು. ಬಿಡಾರದಲ್ಲಿ ನಾನೂ ಅಸಹೆಲೂ ಒಂದೇ ಕಂಬಳಿಲಿ ಮಲಗ್ತಿದ್ವಿ. ಅವ್ನು ಮಗ್ಗಲಾಗೋದು ನಂಗೆ ಗೊತ್ತು."

ಹೊತ್ತು ತಂದ ಉಳಿದ ಮೂವರೂ ಹಿಂದೆ ಸರಿದು ಟೋಪಿ ತೆಗೆದರು. ಕ್ಯಾಪ್ಟನ್ ಅವರ ಮುಖಗಳನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಕಲ್ಲುಕೋಣೆಯ ಬಾಗಿಲನ್ನು ತಾವೇ ಎಳೆದರು.

ಮೆಹಿಟಬಲ್ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ತುಕ್ಕು ಹಿಡಿದ ಅಗುಳಿಯನ್ನು ಕಂದೀಲಿನ ಎಣ್ಣೆ ಸವರಿ ಜಗ್ಗಿ ಹಾಕಿದಳು. ಒಲೆಯ ಮುಂದೆ ಕುಳಿತದ್ದೇ ಕಣ್ಣು ಎಳೆಯಿತು.

ಹೊರಗೆ ಮೆಟ್ಟಿಲಿನ ಅಂಚಿಗೆ ಯಾರೋ ಬೂಟಿನ ಹಿಮ ಕೆರೆಯುತ್ತಿದ್ದರು. ಮೊದಲು ಎಡಗಾಲು, ಆಮೇಲೆ ಬಲಗಾಲು, ಅಸಹೆಲ್‌ನ ರೂಢಿಯಂತೆಯೇ, ಅವಸರವಿಲ್ಲದೆ, ಕೆಲಸ ಮುಗಿಸಿ ಬಂದವರಂತೆ. ಬಾಗಿಲು ತಳ್ಳಿದರು. ಅದು ತೆರೆಯಲಿಲ್ಲ.

ಅವಳು ಅಗುಳಿಯ ಮೇಲೆ ಕೈಯಿಟ್ಟು ನಿಂತಳು.