ದಾನಿ ಹಿಂದೆ ಸರಿಯಲು ಕಾರಣ

ಚಿನ್ನು ಕೇಳಿದ್ದು ಊಟದ ತಟ್ಟೆಯ ಮುಂದೆ. ಮೂರು ದಿನದಿಂದ ಏನೋ ಒಂದು ಮಾತನ್ನು ಬಾಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಕೆಲಸ ಬಿಟ್ಟಿರಬೇಕು, ಇಲ್ಲಾ ಯಾರನ್ನೋ ಮೆಚ್ಚಿಕೊಂಡಿರಬೇಕು ಎಂದುಕೊಂಡಿದ್ದೆ.

"ಅಮ್ಮ, ನಿನ್ನ ಗರ್ಭಕೋಶ ನಂಗೆ ಕೊಡ್ತೀಯಾ?"

ಚಿಕ್ಕವಳಿಗೆ ಅನ್ನ ನೆತ್ತಿಗೆ ಹತ್ತಿತು. ನಮ್ಮವರು ಎತ್ತಿದ ಲೋಟವನ್ನು ಕುಡಿಯದೇ ಕೆಳಗಿಟ್ಟರು.

ಚಿನ್ನು ನಮ್ಮ ಹಿರಿಯವಳು. ಹುಟ್ಟಿದಾಗ ಗಂಡು ಎಂದು ಬರೆಸಿದ್ದೆವು. ಹತ್ತೊಂಬತ್ತನೇ ವಯಸ್ಸಿಗೆ, ನಾನು ಹೆಣ್ಣು, ಮೊದಲಿಂದಲೂ ಹೆಣ್ಣೇ ಎಂದಳು. ಆಮೇಲೆ ಎರಡು ವರ್ಷ ಈ ಮನೆಯಲ್ಲಿ ಬಾಗಿಲು ಬಡಿಯುವ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಕಾಗದದ ಹೆಸರು ಬದಲಾಯಿತು, ಬಟ್ಟೆ ಬದಲಾಯಿತು, ನೆಂಟರು ಬದಲಾದರು. ಚಿನ್ನು ಅನ್ನುವುದೊಂದು ಹಾಗೇ ಉಳಿಯಿತು, ಅದಕ್ಕೆ ಗಂಡು ಹೆಣ್ಣಿನ ಹಂಗಿರಲಿಲ್ಲ. ಈಗ ಅವಳಿಗೆ ಇಪ್ಪತ್ತೈದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ.

"ದೊಡ್ಡಾಸ್ಪತ್ರೆಯಲ್ಲಿ ಒಂದು ಅಧ್ಯಯನ ಶುರು ಮಾಡ್ತಾರಂತೆ," ಎಂದಳು. "ನನ್ನಂಥವರಿಗೆ ಗರ್ಭಕೋಶ ಕಸಿ ಮಾಡಬಹುದಾ ಅಂತ. ಪಟ್ಟಿಗೆ ಸೇರಬೇಕಾದ್ರೆ ದಾನಿಯನ್ನ ನಾವೇ ಕರ್ಕೊಂಡು ಹೋಗ್ಬೇಕು. ಹೆತ್ತಿರೋರು, ಐವತ್ತರ ಒಳಗಿನವರು ಆಗ್ಬೇಕು. ಬೇರೆ ಕಡೆ ಅಮ್ಮಂದಿರೇ ಮಕ್ಕಳಿಗೆ ಕೊಟ್ಟಿದಾರೆ. ನಿಂಗೆ ನಲವತ್ತಾರು. ಅದರಿಂದ ಈಗ ನಿಂಗೇನೂ ಕೆಲಸ ಇಲ್ವಲ್ಲಮ್ಮ."

"ಅಟ್ಟದ ಮೇಲಿರೋ ಹಳೇ ಮಿಕ್ಸಿ ಕೇಳಿದ ಹಾಗೆ ಕೇಳ್ತೀಯಲ್ಲೇ," ಎಂದೆ.

"ಬೇಡ," ಎಂದರು ನಮ್ಮವರು.

"ಯಾಕಪ್ಪ?"

"ಬೇಡ ಅಂದ್ರೆ ಬೇಡ. ಇನ್ನೊಂದು ಸಲ ಈ ಮಾತು ಈ ಮನೇಲಿ ಬರಕೂಡದು."

ಅವರು ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಗುಂಡಿ ಒತ್ತಿದರೆ ಎಷ್ಟೋ ಅಷ್ಟೇ ಮಾತು. ಆದರೆ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುವ ಮನುಷ್ಯ ಅಲ್ಲ. ಅವತ್ತು ಎದ್ದುಹೋದರು.

ನಾನು ಕೆಲಸ ಮಾಡುವುದು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಹಬೆಯ ಉರುಳೆಯಿಂದ ಕೈ ಸುಡುವ ಹಾಗೆ ಹೊರಬರುವ ಹಾಸಿಗೆಯ ಬಟ್ಟೆಯನ್ನು ಇಬ್ಬರು ಎದುರುಬದುರು ನಿಂತು ಹಿಡಿಯಬೇಕು, ಎಳೆದು ಒದರಬೇಕು, ನಾಲ್ಕು ಹೆಜ್ಜೆ ಹತ್ತಿರ ಬಂದು ಅಂಚಿಗೆ ಅಂಚು ಸೇರಿಸಬೇಕು, ಮತ್ತೆ ಹಿಂದಕ್ಕೆ ಸರಿಯಬೇಕು. ಒಂದು ಪಾಳಿಗೆ ಆರುನೂರು. ಹಾಗಾಗಿ ನಮ್ಮ ಮಾತೂ ಹಾಗೆಯೇ: ಹತ್ತಿರ ಬಂದಾಗ ಗುಟ್ಟು, ದೂರ ಹೋದಾಗ ತಮಾಷೆ. ನನ್ನ ಜೊತೆಗಾರ್ತಿ ನಾಲ್ಕು ಹೆತ್ತವಳು, ಇಡೀ ಲಾಂಡ್ರಿಗೆ ದೊಡ್ಡಕ್ಕ.

ಚಿನ್ನು ಕೇಳಿದ್ದನ್ನು ಹತ್ತಿರ ಬಂದಾಗ ಹೇಳಿದೆ. ದೊಡ್ಡಕ್ಕ ಹಿಂದಕ್ಕೆ ಹೋಗಿ ಜೋರಾಗಿಯೇ ಅಂದಳು: "ನಂದೇ ತಗೊಂಡೋಗು ಅನ್ನು ಕಣೇ! ಸೀನಿದ್ರೆ ತಾನಾಗೇ ಆಚೆ ಬಂದು ನಿಂತ್ಕೊಳತ್ತೆ, ಆಪರೇಷನ್ ಖರ್ಚೂ ಉಳಿಯತ್ತೆ."

ಉರುಳೆಯ ಹತ್ತಿರದ ಹೆಂಗಸರೆಲ್ಲ ನಕ್ಕರು. ಮುಂದಿನ ಮಡಿಕೆಗೆ ಹತ್ತಿರ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. "ಬಸಿರು ಅಂದ್ರೆ ಏನು ಅಂತ ಆ ಹುಡುಗೀಗೆ ಒಂಚೂರಾದ್ರೂ ಗೊತ್ತೇನೇ?"

ನನಗೆ ಗೊತ್ತಿತ್ತು. ಚಿನ್ನು ಹೊಟ್ಟೆಯಲ್ಲಿದ್ದಾಗ ಐದು ತಿಂಗಳು ಇದೇ ಲಾಂಡ್ರಿಯಲ್ಲಿ, ಕೊಳೆ ಬಟ್ಟೆಯ ಬುಟ್ಟಿಗೆ ಮುಖ ಹಾಕಿ ವಾಂತಿ ಮಾಡಿದ್ದೇನೆ. ಎರಡು ದವಡೆ ಹಲ್ಲು ಹೋದವು. ಕಾಲು ಊದಿ ನಮ್ಮವರ ಚಪ್ಪಲಿ ಹಾಕಿಕೊಂಡು ಬರುತ್ತಿದ್ದೆ. ಚಿಕ್ಕವಳ ಹೊತ್ತಿಗೆ ಇನ್ನೂ ಕೆಟ್ಟದಾಯಿತು. ಹೊಟ್ಟೆ ಕೊಯ್ದು ಅವಳನ್ನು ತೆಗೆದ ಮೇಲೆ ರಕ್ತ ನಿಲ್ಲಲಿಲ್ಲವಂತೆ. ನನಗೆ ಎಚ್ಚರವಾದಾಗ ಎರಡು ದಿನ ಕಳೆದಿತ್ತು. "ಇನ್ನು ಮಕ್ಕಳಾಗದ ಹಾಗೆ ಮಾಡಿದಾರೆ, ನಿಶ್ಚಿಂತೆಯಾಗಿರಿ," ಎಂದಿದ್ದಳು ನರ್ಸು. ಆಮೇಲೆ ಮುಟ್ಟು ಬರಲೇ ಇಲ್ಲ. ನರ ಕಟ್ಟಿದರೆ ಕೆಲವರಿಗೆ ಹಾಗಾಗುತ್ತದೇನೋ ಎಂದುಕೊಂಡೆ. ಆಗ ನನಗೆ ಇಪ್ಪತ್ತೊಂಬತ್ತು. ಹದಿನೇಳು ವರ್ಷ ಮುಟ್ಟಿನ ಬಟ್ಟೆ ಒಗೆಯುವ ಕಾಟ ತಪ್ಪಿತೆಂದು ಸಂತೋಷಪಟ್ಟೆನೇ ಹೊರತು ಯಾರನ್ನೂ ಏನೂ ಕೇಳಲಿಲ್ಲ. ದೊಡ್ಡಕ್ಕನಂತೂ ತಿಂಗಳಿಗೊಮ್ಮೆ ನನ್ನ ಪುಣ್ಯಕ್ಕೆ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಇದನ್ನೆಲ್ಲ ಭಾನುವಾರ ಚಿನ್ನುವಿನ ಮುಂದೆ ಸುರಿದೆ. ಹಲ್ಲು, ಕಾಲು, ರಕ್ತ, ಯಾವುದನ್ನೂ ಬಿಡಲಿಲ್ಲ.

"ಗೊತ್ತಮ್ಮ, ಓದಿದೀನಿ," ಎಂದಳು.

"ಓದಿದಾಳಂತೆ! ದಡದಲ್ಲಿ ಕೂತು ಈಜು ಓದಿದ ಹಾಗೆ."

"ನೀನು ಮದುವೆ ಆದಾಗ ಯಾರಾದ್ರೂ ನಿನ್ನ ಕೂರಿಸ್ಕೊಂಡು ಕೇಳಿದ್ರಾ? ನಿನ್ನ ಹಲ್ಲು ಹೋಗತ್ತೆ, ಗೊತ್ತೇನೇ ಅಂತ? ದೊಡ್ಡಕ್ಕನ ಕೇಳಿದ್ರಾ? ಎಲ್ಲರೂ ಪರೀಕ್ಷೆ ಮಾಡೋದು ನನ್ನೊಬ್ಬಳನ್ನೇ."

"ಮಗು ಬೇಕಿದ್ರೆ ದತ್ತು ತಗೋ. ಯಾರು ಬೇಡ ಅಂತಾರೆ?"

"ಅರ್ಜಿ ಹಾಕಿದ್ದೆ ಅಮ್ಮ. ಎರಡು ಸಲ. ವಾಪಸ್ ಬಂತು. ನಿಂಗೆ ಹೇಳ್ಲಿಲ್ಲ ಅಷ್ಟೇ."

ಅದೇ ಹೊತ್ತಿಗೆ ಒಳಕೋಣೆಯಿಂದ ಚಿಕ್ಕವಳ ಗಂಟಲು: "ಮಾನ್ಯ ಅಧ್ಯಕ್ಷರೇ, ಮೂರನೆಯದಾಗಿ, ಗರ್ಭಕೋಶವೆಂಬುದು ಹೆಣ್ತನದ ಗುರುತು. ಅದಿಲ್ಲದೆ..."

ಅವಳ ಕಾಲೇಜಿನಲ್ಲಿ ಗರ್ಭಕೋಶದ ಕಸಿ ಬೇಕೇ ಬೇಡವೇ ಎಂಬ ಇದೇ ವಿಷಯದ ಮೇಲೆ ಚರ್ಚಾಸ್ಪರ್ಧೆ. ಚೀಟಿ ಎತ್ತಿದಾಗ ಅವಳಿಗೆ ವಿರೋಧದ ಪಕ್ಷ ಬಂದಿತ್ತು. "ಅಕ್ಕ, ನಾನೇನು ಬೇಕು ಅಂತ ಆರಿಸ್ಕೊಂಡಿದ್ದಲ್ಲ," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾ, ದಿನಕ್ಕೆ ಇಪ್ಪತ್ತು ಸಲ ಅಭ್ಯಾಸ ಮಾಡುತ್ತಿದ್ದಳು.

"ಬಾಗಿಲು ಹಾಕ್ಕೊಂಡು ಓದೇ!" ಎಂದು ಕೂಗಿದೆ.

"ಇರಲಿ ಬಿಡಮ್ಮ," ಎಂದಳು ಚಿನ್ನು. "ಎರಡನೇ ಪಾಯಿಂಟು ಚೆನ್ನಾಗಿತ್ತು."

ಪರೀಕ್ಷೆಗೆ ಬರುತ್ತೇನೆ ಎಂದು ಒಪ್ಪಿಕೊಂಡದ್ದು ಯಾಕೆ ಎಂದು ನನಗೆ ಚೆನ್ನಾಗಿ ಗೊತ್ತು, ಅದನ್ನು ಮುಚ್ಚಿಡುವುದಿಲ್ಲ. ನನಗೆ ಕೊಡಲು ಇಷ್ಟವಿರಲಿಲ್ಲ. ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಬಿಪಿ ಇದೆ, ಹಳೆಯ ಹೊಲಿಗೆ ಇದೆ, ವಯಸ್ಸಾಗಿದೆ. ಡಾಕ್ಟರೇ ಆಗದು ಎಂದುಬಿಟ್ಟರೆ ನಾನು ಕೆಟ್ಟವಳಾಗದೆ ಮನೆಗೆ ಬರಬಹುದು. ನಮ್ಮವರಿಗೆ ಹೇಳದೆ, ಅರ್ಧ ದಿನ ರಜೆ ಹಾಕಿ ಹೋದೆ.

ಅರ್ಜಿಯನ್ನು ಚಿನ್ನುವೇ ತುಂಬಿದಳು. ಮುಟ್ಟು ನಿಂತಿದೆಯೇ ಎಂಬಲ್ಲಿ ಹೌದು ಎಂದು ಗುರುತು ಹಾಕಿದಳು. ಯಾವಾಗ ಎಂದು ಅರ್ಜಿ ಕೇಳಿರಲಿಲ್ಲ.

ಡಾಕ್ಟರಮ್ಮ ನನ್ನಷ್ಟೇ ದಣಿದಂತಿದ್ದರು. ಒಂದೊಂದೇ ಹೇಳಿದರು. ಗರ್ಭಕೋಶವಿಲ್ಲದೆ ಹುಟ್ಟಿದ ಹೆಂಗಸರಿಗೆ ಕಸಿ ಮಾಡಿ ಮಕ್ಕಳಾಗಿವೆ. ಚಿನ್ನುವಿನಂಥವರಿಗೆ ಆದದ್ದನ್ನು ತಾವು ಕಂಡಿಲ್ಲ. ರಕ್ತನಾಳಗಳ ಜೋಡಣೆ ಬೇರೆ, ಒಳಗಿನ ಜಾಗ ಬೇರೆ. ಬೇರೆಯವರ ಅಂಗವನ್ನು ಮೈ ಒದ್ದು ಹೊರಹಾಕದಂತೆ ದಿನಾ ಗುಳಿಗೆ ನುಂಗಬೇಕು, ಅದರಿಂದ ಮೂತ್ರಪಿಂಡಕ್ಕೆ ಪೆಟ್ಟು. ಬಸಿರು ನಿಂತರೂ ಮಗುವನ್ನು ಹೊಟ್ಟೆ ಕೊಯ್ದೇ ತೆಗೆಯಬೇಕು. ಮಗುವಾದ ಮೇಲೆ ಗರ್ಭಕೋಶವನ್ನೂ ತೆಗೆದುಬಿಡಬೇಕು.

"ಇದಕ್ಕೆ ಒಪ್ಪಿಗೆ ಸಿಕ್ಕಿದೆಯಾ ಮೇಡಂ?" ಎಂದು ಕೇಳಿದೆ.

"ಸಮಿತಿ ಮುಂದೆ ಇದೆ. ಈಗ ಪಟ್ಟಿ ಮಾತ್ರ ಮಾಡ್ತಿದೀವಿ."

"ಒಪ್ಪಿಗೆ ಯಾವಾಗ ಸಿಗತ್ತೆ?"

"ಹೇಳೋಕಾಗಲ್ಲ. ಸಿಗದೇನೂ ಇರಬಹುದು."

ಸಿಗದೇ ಇರಬಹುದಾದ ಒಂದು ಪಟ್ಟಿಗಾಗಿ ನನ್ನ ಮನೆಯಲ್ಲಿ ಹದಿನೈದು ದಿನದಿಂದ ನೆಮ್ಮದಿಯ ಊಟವಿಲ್ಲ. ಚಿನ್ನು ಮಾತ್ರ ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು, ಮೂತ್ರಪಿಂಡವನ್ನೂ ಸೇರಿಸಿ.

ಸ್ಕ್ಯಾನ್ ಕೋಣೆಯಲ್ಲಿ ನಾನೊಬ್ಬಳೇ. ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ ಹಚ್ಚಿ, ಯಂತ್ರವನ್ನು ಒತ್ತಿ ಒತ್ತಿ ಆಡಿಸಿದಳು. ಎಡಕ್ಕೆ ಒತ್ತಿದಳು, ಬಲಕ್ಕೆ ಒತ್ತಿದಳು. ಬಿಪಿ ಜಾಸ್ತಿಯಾಗಲಿ ಎಂದು ನಾನು ಉಸಿರು ಬಿಗಿಹಿಡಿದು ಮಲಗಿದ್ದೆ.

"ಅಮ್ಮ, ನಿಮ್ಮ ಗರ್ಭಕೋಶ ತೆಗೆದದ್ದು ಯಾವ ವರ್ಷ?"

"ತೆಗೆಯೋದು ಇನ್ಮೇಲೆ ಕಣಮ್ಮ. ಅದಕ್ಕೇ ತಾನೇ ಬಂದಿರೋದು."

ಅವಳು ಕಾಗದ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಾಗದ ನೋಡಿದಳು. ಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಕಳೆದುಹೋದ ಬೀಗದ ಕೈ ಹುಡುಕುವವರ ಹಾಗೆ ಇಬ್ಬರೂ ಪರದೆಯೊಳಗೆ ಹುಡುಕಿದರು. ಆಮೇಲೆ ಡಾಕ್ಟರಮ್ಮ ಯಂತ್ರ ಕೆಳಗಿಟ್ಟು, ನನ್ನ ಹೊಟ್ಟೆಯನ್ನು ತಾವೇ ಒರೆಸಿದರು. ಡಾಕ್ಟರುಗಳು ಸಾಮಾನ್ಯವಾಗಿ ಒರೆಸುವುದಿಲ್ಲ.

"ಎರಡನೇ ಹೆರಿಗೇಲಿ ರಕ್ತ ನಿಲ್ಲಲಿಲ್ಲ ಅಂದ್ರಲ್ಲ, ಆಗಲೇ ತೆಗೆದಿರಬೇಕು. ಜೀವ ಉಳಿಸೋಕೆ ಹಾಗೆ ಮಾಡ್ತಾರೆ. ಯಾರೂ ಹೇಳ್ಲಿಲ್ವಾ ನಿಮಗೆ?"

ಹೊರಗೆ ಉದ್ದನೆಯ ಬೆಂಚಿನ ಮೇಲೆ ಚಿನ್ನು ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೇಳಿದೆ. ಅವಳಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು.

"ಅಂದ್ರೆ ನಮ್ಮಿಬ್ಬರಿಗೂ ಇಲ್ಲ," ಎಂದಳು.

"ಇಲ್ಲ."

"ನೀನು ಕೊಡಲ್ಲ ಅಂದಿದ್ರೆ ನಿನ್ನ ಬೈಕೊಂಡಾದ್ರೂ ಇರ್ತಿದ್ದೆ. ಈಗ ಯಾರನ್ನ ಬೈಯಲಿ ಅಮ್ಮ?"

"ನನ್ನನ್ನೇ ಬೈಯಿ. ಆಗಲ್ಲ ಅಂತ ಡಾಕ್ಟ್ರೇ ಹೇಳಲಿ ಅಂತ ಬೇಡ್ಕೊಂಡೇ ಒಳಗೆ ಹೋಗಿದ್ದು ನಾನು."

"ಗೊತ್ತಿತ್ತು," ಎಂದಳು. ಅಳು ಬಂದಾಗ ಅವಳು ಯಾವಾಗಲೂ ಕನ್ನಡಕ ತೆಗೆದು ಒರೆಸುತ್ತಾಳೆ. ಒರೆಸಿ ಒರೆಸಿ ಗಾಜಿನಲ್ಲಿ ಒರೆಸಲು ಏನೂ ಉಳಿಯಲಿಲ್ಲ. ಆಮೇಲೆ ಮೂಗನ್ನು ಸೊರ್ರನೆ ಎಳೆದುಕೊಂಡು, "ಹದಿನೇಳು ವರ್ಷ! ಚಿಕ್ಕವಳ ಮೂರನೇ ಪಾಯಿಂಟಿನ ಪ್ರಕಾರ ನೀನು ಹೆಂಗಸೇ ಅಲ್ಲ," ಎಂದಳು. ನನಗೆ ನಗು ಬಂತು. ನಗುವಾಗ ಹಳೆಯ ಹೊಲಿಗೆ ಎಳೆಯಿತು, ಯಾವಾಗಲೂ ಎಳೆಯುವ ಹಾಗೆ.

ಹೊರಡುವಾಗ ಕಿಟಕಿಯ ಗುಮಾಸ್ತೆ ಒಂದು ಹಾಳೆ ಕೊಟ್ಟಳು. ದಾನಿ ಹಿಂದೆ ಸರಿಯಲು ಕಾರಣ: ಇಚ್ಛೆಯಿಲ್ಲ, ಅನಾರೋಗ್ಯ, ಕುಟುಂಬದ ವಿರೋಧ, ಇತರೆ. ಇತರೆಯ ಮುಂದೆ ಒಂದೂವರೆ ಗೆರೆಯಷ್ಟು ಜಾಗ.

ಸಂಜೆ ನಮ್ಮವರು ಎಣ್ಣೆಗೈ ತೊಳೆದು ಬರುವ ತನಕ ಕಾದೆ. ಮಕ್ಕಳಿಬ್ಬರೂ ಅಲ್ಲೇ ಇದ್ದರು. ಇರಲಿ ಎಂದೇ ಬಿಟ್ಟೆ.

"ಚಿಕ್ಕವಳು ಹುಟ್ಟಿದಾಗ ಯಾವುದಕ್ಕೆ ಸಹಿ ಹಾಕಿದ್ರಿ ನೀವು?"

ಅವರು ಟವೆಲನ್ನು ಮಡಿಸಿದರು. ಬಿಡಿಸಿ ಮತ್ತೆ ಮಡಿಸಿದರು. "ಸಾಯ್ತಿದ್ದೆ ನೀನು," ಎಂದರು. "ಕಾಗದ ತಂದು ಮುಂದೆ ಹಿಡಿದ್ರು. ಬೇಗ ಹಾಕಿ ಅಂದ್ರು. ಹಾಕಿದೆ."

"ಹಾಕಿದ್ದಕ್ಕೆ ಯಾರು ಬೈತಿದಾರೆ? ಆಮೇಲೆ?"

"ನೀನು ಹಾಲು ಕುಡಿಸ್ತಿದ್ದೆ. ಸುಸ್ತಾಗಿದ್ದೆ. ಮನಸ್ಸಿಗೆ ಹಚ್ಕೋತೀಯ ಅಂತ ನಿಮ್ಮಮ್ಮನೇ ಬೇಡ ಅಂದ್ರು. ಸ್ವಲ್ಪ ಸುಧಾರಿಸ್ಕೊಳ್ಳಲಿ, ಆಮೇಲೆ ಹೇಳೋಣ ಅಂತ."

"ಇನ್ನೂ ಸುಧಾರಿಸ್ಕೊಂಡಿಲ್ವಾ ನಾನು? ದಿನಾ ಆರುನೂರು ಬಟ್ಟೆ ಮಡಿಸ್ತೀನಲ್ರೀ!"

ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬರೀ ಸಿಟ್ಟು. ಹದಿನೈದು ದಿನ ನನ್ನ ಗರ್ಭಕೋಶದ ಬಗ್ಗೆ ಲಾಂಡ್ರಿಯವರು, ಡಾಕ್ಟರು, ಮಕ್ಕಳು, ನಾನು, ಎಲ್ಲರೂ ಕೊಡಬೇಕೋ ಬೇಡವೋ ಎಂದು ಬಡಿದಾಡಿದ್ದೇವೆ. ಈ ಮನೆಯಲ್ಲಿ ಅದು ಇಲ್ಲ ಎಂದು ಗೊತ್ತಿದ್ದ ಒಬ್ಬರೇ ಒಬ್ಬರು ಅನ್ನ ಬಿಟ್ಟು ಎದ್ದುಹೋಗಿದ್ದರು.

ಚಿಕ್ಕವಳು ಮೂಲೆಯಲ್ಲಿ ತನ್ನ ಭಾಷಣದ ಹಾಳೆ ಹಿಡಿದು ನಿಂತಿದ್ದಳು. ಪೆನ್ನು ತೆಗೆದು ಏನನ್ನೋ ಹೊಡೆದುಹಾಕಿದಳು. "ಎರಡೇ ಪಾಯಿಂಟು ಸಾಕು," ಎಂದಳು, ಯಾರೂ ಕೇಳದಿದ್ದರೂ.

ನಾನು ಆಸ್ಪತ್ರೆಯ ಹಾಳೆಯನ್ನು ಮೇಜಿನ ಮೇಲೆ ನಮ್ಮವರ ಮುಂದೆ ಹಾಸಿ, ಚಿಕ್ಕವಳ ಕೈಯಿಂದ ಪೆನ್ನು ಕಿತ್ತುಕೊಂಡು ಅದರ ಮೇಲಿಟ್ಟೆ.

"ಬರೀರಿ."

"ನಾನಾ? ಅರ್ಜಿ ನಿಂದಲ್ವಾ."

"ಕಾರಣ ನಿಮಗೇ ತಾನೇ ಗೊತ್ತಿರೋದು? ಬರೀರಿ."

ಅವರು ಇತರೆ ಎಂಬಲ್ಲಿ ಗುರುತು ಹಾಕಿ, ದಪ್ಪ ಅಕ್ಷರದಲ್ಲಿ ನಿಧಾನವಾಗಿ ಬರೆದರು: ಹದಿನೇಳು ವರ್ಷದ ಹಿಂದೆ ತೆಗೆದಿದ್ದಾರೆ. ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಅಲುಗಲಿಲ್ಲ. ಮತ್ತೆ ಬಗ್ಗಿ ಬರೆದರು: ಆಕೆಗೆ ನಾನು ತಿಳಿಸಿರಲಿಲ್ಲ. ಜಾಗ ಸಾಲದೆ ಕೊನೆಯ ಪದ ಅಂಚಿನ ಉದ್ದಕ್ಕೂ ಮೇಲಕ್ಕೆ ಹತ್ತಿತು. ಅಭ್ಯಾಸಬಲದಿಂದ ಪೆನ್ನು ಸಹಿಯ ಜಾಗಕ್ಕೆ ಹೋಯಿತು.

"ಅದು ನಂದು," ಎಂದು ಕೈ ಹಿಡಿದೆ. ಪೆನ್ನು ತೆಗೆದುಕೊಂಡು ನಾನೇ ಸಹಿ ಹಾಕಿದೆ.

ಚಿನ್ನು ಹಾಳೆಯನ್ನು ಎತ್ತಿ ಓದಿದಳು. ಮಡಿಸಿ ತನ್ನ ಪುಟ್ಟ ಪುಸ್ತಕದೊಳಗೆ ಇಟ್ಟುಕೊಂಡಳು.

"ನಾಳೆ ಕೊಟ್ಟು ಬರ್ತೀನಿ," ಎಂದಳು. "ನನ್ನ ಹೆಸರು ಮಾತ್ರ ಪಟ್ಟೀಲೇ ಇರತ್ತೆ ಅಮ್ಮ, ಬೇರೆ ದಾನೀನ ಹುಡುಕ್ತೀನಿ. ಈಗಲೇ ಹೇಳಿರ್ತೀನಿ. ಆಮೇಲೆ ಯಾರೂ ಹೇಳಲಿಲ್ಲ ಅನ್ನಬೇಡ."