ಆರೂಕಾಲು ಗಂಟೆಯ ಬಾವಲಿಗಳು

ಮುದ್ದೇಬಿಹಾಳ–ಇಂಡಿ ಬಸ್ಸಿಗೆ ನಾನು ಕಂಡಕ್ಟರ್, ಹೆಸರು ಶ್ರೀಶೈಲ. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಸಿಡುಕ ಅನ್ನಿಸಿಕೊಂಡಿದ್ದೇನೆ, ಬಾಯಿ ಜೋರು ಅನ್ನಿಸಿಕೊಂಡಿದ್ದೇನೆ. ಸುಳ್ಳುಗಾರ ಅಂತ ಮಾತ್ರ ಯಾರೂ ಅಂದಿರಲಿಲ್ಲ. ಯಾರೂ ಅನ್ನಲಿಲ್ಲ ಅಂದರೆ ಅಲ್ಲ ಅಂತಲೇ ಅರ್ಥ ಎಂದು ನಾನು ತಿಳಿದುಕೊಂಡಿದ್ದೆ.

ಫೆಬ್ರುವರಿಯಲ್ಲಿ ವಿಜಯಪುರದ ಕಾಲೇಜೊಂದರ ಭುವನೇಶ್ವರಿ ಮೇಡಂ ಡಿಪೊಗೆ ಬಂದು ನಮಗೆಲ್ಲ ಒಂದೊಂದು ಫಾರಂ ಹಂಚಿದರು. ಇಲಿಯಂಥ ಉದ್ದ ಬಾಲದ ಒಂದು ಜಾತಿಯ ಬಾವಲಿ ನಮ್ಮ ಸೀಮೆಯ ಜೀವವಂತೆ, ಹಾಳುಗೋಡೆಗಳ ಬಿರುಕಿನಲ್ಲಿ ಇರುತ್ತದಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಅದು ಎಲ್ಲೆಲ್ಲಿ, ಎಷ್ಟು ಹೊತ್ತಿಗೆ ಕಾಣುತ್ತದೆ ಎಂದು ಪುಸ್ತಕ ಮಾಡುತ್ತಾರಂತೆ. ನೋಡಿದವರ ಹೆಸರೂ ಅಚ್ಚಾಗುತ್ತದಂತೆ. ಊರೂರು ತಿರುಗುವ ನಿಮಗೆ ಗೊತ್ತಿಲ್ಲದ ಹಾಳುಗೋಡೆ ಯಾವುದಿದೆ ಅಂದರು. ನಾನು ಉಬ್ಬಿಹೋದೆ.

ಗೊಳಸಂಗಿ ದಾಟಿದ ಮೇಲೆ ಹಾಳು ಬುರುಜಿನ ಹತ್ತಿರ ಒಂದು ಸ್ಟಾಪಿದೆ. ಸಂಜೆ ಅಲ್ಲಿ ನಿಲ್ಲುವುದು ನಮ್ಮ ಬಸ್ಸೊಂದೇ. ಬೇವಿನ ಗಿಡದ ಕೆಳಗೆ ಸೀತವ್ವ ಎಂಬ ಮುದುಕಿ ಹಗಲೆಲ್ಲ ಕುದಿಸಿದ ಶೇಂಗಾ ಮಾರಿ, ಸಂಜೆ ನಮ್ಮ ಬಸ್ಸಿಗೇ ಮನಗೂಳಿಗೆ ಹೋಗುತ್ತಾಳೆ. ಗಡಿಯಾರವಿಲ್ಲ, ಫೋನಿಲ್ಲ, ಓದಲು ಬಾರದು. ಅವಳನ್ನೇ ಕೇಳಿದೆ.

"ಅದಾವ್ರಿ ಸಾಹೇಬ್ರ. ಸಣ್ಣವು, ಬಾಲ ಉದ್ದ. ನಿಮ್ಮ ಬಸ್ ಬಂದು ನಿಂದ್ರತೈತಿ, ನಾ ಬುಟ್ಟಿ ಎತ್ತತೇನಿ, ಅವು ಬುರುಜಿನಾಗಿಂದ ಹೊರಗ ಬೀಳತಾವ. ಒಂದಿನಾ ತಪ್ಪಂಗಿಲ್ಲ."

"ನಿನ್ನ ಹೆಸರು ಪುಸ್ತಕದಾಗ ಬರತೈತಿ ಆಯಿ."

"ನಮ್ಮ ಮಮ್ಮಗಳಿಗೆ ಓದಾಕ ಬರತೈತ್ರಿ," ಅಂದಳು. ಮುಖ ಅರಳಿತ್ತು.

ಅವಳ ಹೆಸರು ಬರೆದೆ. ಹೊತ್ತು ಬರೆಯುವಲ್ಲಿ ಪೆನ್ನು ನಿಂತಿತು. ನಮ್ಮ ಬಸ್ಸು ಅಲ್ಲಿಗೆ ಬರಬೇಕಾದದ್ದು ಆರೂಕಾಲಿಗೆ. ಬರುತ್ತಿದ್ದುದು ಏಳಕ್ಕೆ ಹತ್ತು ನಿಮಿಷ ಇರುವಾಗ. ನಿಡಗುಂದಿಯಲ್ಲಿ ನನಗೂ ಡ್ರೈವರ್ ಖಾಜಾಸಾಬನಿಗೂ ದಿನಾ ಮಿರ್ಚಿ ಭಜಿ, ಮೇಲೆ ಚಹಾ, ಅದರ ಮೇಲೆ ಹರಟೆ. ಫಾರಂ ಹೋಗುವುದು ಡಿಪೊ ಮ್ಯಾನೇಜರರ ಕೈ ದಾಟಿ. ಆರೂಕಾಲು ಎಂದೇ ಬರೆದೆ. ಬಾವಲಿ ಅರ್ಧ ತಾಸು ಹಿಂದೆ ಮುಂದೆ ಆದರೆ ಯಾರ ಗಂಟು ಹೋಗುತ್ತದೆ ಅಂದುಕೊಂಡೆ.

ಹದಿನೈದು ದಿನಕ್ಕೆ ಮೇಡಂ ಕ್ಯಾಮೆರಾ ಹಿಡಿದು ನಿಡಗುಂದಿಯಲ್ಲಿ ಬಸ್ ಹತ್ತಿದರು. ಬೇರೆಲ್ಲ ಕಡೆ ಹೊತ್ತು ಮುಳುಗಿದ ಮೇಲೆ ಹೊರಬೀಳುವ ಬಾವಲಿ ಇಲ್ಲಿ ಮಾತ್ರ ಬಿಸಿಲಿರುವಾಗಲೇ ಹೊರಬೀಳುತ್ತದೆಂದರೆ ಅದು ದೊಡ್ಡ ಸಂಗತಿಯಂತೆ. ಅವರ ಎದುರಿಗೆ ಭಜಿ ಎಲ್ಲಿಯದು? ಎಷ್ಟೋ ವರ್ಷಗಳ ಮೇಲೆ ನಮ್ಮ ಬಸ್ಸು ಸರಿಯಾಗಿ ಆರೂಕಾಲಿಗೆ ಬುರುಜಿನ ಮುಂದೆ ನಿಂತಿತು.

ಸೀತವ್ವ ಇನ್ನೂ ಬುಟ್ಟಿ ಕಟ್ಟಿರಲಿಲ್ಲ. ಮುಖದ ಮೇಲೆ ಬಿಸಿಲಿತ್ತು. "ಇನ್ನಾ ಹೊತ್ತ ಮುಳುಗಿಲ್ಲಲ್ರಿ ಸಾಹೇಬ್ರ," ಅಂದಳು.

"ಬ್ಯಾಸಿಗಿ ಬಂತಲ್ಲ ಆಯಿ, ಹಗಲು ದೊಡ್ಡದಾಗೇತಿ," ಅಂದೆ.

ಅವಳು ನನ್ನ ಕೈಗಡಿಯಾರ ನೋಡಿ, ಹೌದೇನೋ ಅನ್ನುವಂತೆ ತಲೆ ಆಡಿಸಿದಳು. ಎಲ್ಲರೂ ಬುರುಜಿನ ಕಡೆ ನೋಡುತ್ತ ನಿಂತರು. ಹತ್ತು ನಿಮಿಷವಾಯಿತು. ಒಂದು ಗುಬ್ಬಿಯೂ ಹಾರಲಿಲ್ಲ. ಬಸ್ಸಿನೊಳಗಿನವರು ಕೂಗಾಡತೊಡಗಿದರು. ಮೇಡಂ ನನ್ನತ್ತ ತಿರುಗಿದರು.

"ಹೊತ್ತು ತಪ್ಪಿ ಬರದೀರೇನ್ರಿ?"

"ಇಲ್ರಿ ಮೇಡಂ. ಬಸ್ಸು ಇದೇ ಹೊತ್ತಿಗೆ ಬರತೈತಿ. ನೀವೇ ನೋಡಿದ್ರಲ್ಲ."

ಸೀತವ್ವ ಬುರುಜು ನೋಡಿದಳು, ಬಸ್ಸು ನೋಡಿದಳು. "ತಪ್ಪಾತ್ರಿ ಬಾಯಾರ," ಅಂದಳು. "ವಯಸ್ಸಾತು. ತಲಿ ನೆಟ್ಟಗಿಲ್ಲ ಕಾಣಸತೈತಿ. ನನ್ನ ಹೆಸರ ತಗದಬಿಡ್ರಿ."

ಮೇಡಂ ಬೈಯಲಿಲ್ಲ. ಪೆನ್ಸಿಲಿನಿಂದ ಮೆಲ್ಲಗೆ ಒಂದು ಗೆರೆ ಎಳೆದರು. ಭಜಿಗಾಗಿ ದಿನಾ ಅರ್ಧ ತಾಸು ಬಸ್ಸು ನಿಲ್ಲಿಸುತ್ತಿದ್ದವನು ನಾನು, ಅವಳಿಗಾಗಿ ಇನ್ನು ಇಪ್ಪತ್ತೈದು ನಿಮಿಷ ನಿಲ್ಲಿಸದೆ ಸೀಟಿ ಊದಿದೆ. ಮನಗೂಳಿ ಬರುವವರೆಗೆ ಮುದುಕಿ ಬುಟ್ಟಿ ತಬ್ಬಿಕೊಂಡು ಕೂತಿದ್ದಳು. ಇಳಿಯುವಾಗ ಮೇಡಂಗೆ ಇನ್ನೊಮ್ಮೆ ತಪ್ಪಾಯಿತು ಅಂದಳು. ನನ್ನ ತಪ್ಪನ್ನು ಅವಳ ಬಾಯಲ್ಲಿ ಕೇಳಿ ನಾನು ನಾಚಿಕೆಯಿಂದ ಕುಗ್ಗಿಹೋದೆ.

ಮರುದಿನ ನಿಡಗುಂದಿಯಲ್ಲಿ ನಾನು ಭಜಿ ಮುಟ್ಟಲಿಲ್ಲ. ನನ್ನ ಪಾಲನ್ನೂ ಖಾಜಾಸಾಬನೇ ತಿಂದ. ಬುರುಜು ಮುಟ್ಟಿದಾಗ ಏಳಕ್ಕೆ ಹತ್ತು ನಿಮಿಷ. ಕೆಳಗಿಳಿದು ಮೊದಲ ಸಲ ತಲೆ ಎತ್ತಿ ನೋಡಿದೆ. ಮಸುಕಿನಲ್ಲಿ ಬುರುಜಿನ ಬಿರುಕಿನಿಂದ ಒಂದರ ಹಿಂದೊಂದು ಹೊರಬೀಳುತ್ತಿದ್ದವು. ಸಣ್ಣವು, ಬಾಲ ಉದ್ದ.

"ಇವತ್ತ ಬಂದ್ವು ನೋಡ್ರಿ," ಅಂದಳು ಸೀತವ್ವ. "ನಿನ್ನೆ ಏನಾಗಿತ್ತೋ."

"ನಿನ್ನೆ ಅವು ತಪ್ಪಿಲ್ಲ ಆಯಿ, ನೀನೂ ತಪ್ಪಿಲ್ಲ. ನಿನ್ನೆ ಬಸ್ಸು ಬರೋಬರಿ ಹೊತ್ತಿಗೆ ಬಂದಿತ್ತು. ದಿನಾ ತಡಾ ಮಾಡತೇವಿ. ನಾ ಫಾರಂದಾಗ ಸುಳ್ಳ ಬರದೆ."

ಅವಳ ಎದುರಿಗೇ ಮೇಡಂಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಬಸ್ಸಿನವರೆಲ್ಲ ಕೇಳುತ್ತಿದ್ದರು. "ಆ ಅಮ್ಮನ ಹೆಸರು ಮತ್ತ ಬರೀತೇನಿ," ಅಂದರು ಮೇಡಂ. "ಆದ್ರ ನಿನ್ನೆ ಅಲ್ಲೇ ನಿಂತಿದ್ರಿ. ಯಾಕ ಹೇಳಲಿಲ್ರಿ?"

"ಹಂಗಾರ ನನ್ನ ತಲಿ ನೆಟ್ಟಗೈತಿ," ಅಂದಳು ಸೀತವ್ವ. ಸಿಟ್ಟಿನ ಸುಳಿವೂ ಇರಲಿಲ್ಲ. ಬುಟ್ಟಿ ಎತ್ತಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತಳು.

"ಸಾಹೇಬ್ರ, ಹಂಗಾರ ದಿನಾ ನಾ ಬೆಳಕಿದ್ದಾಗ ಮನಿ ಮುಟ್ಟಬೇಕಿತ್ತೇನ್ರಿ?"

"ಹೌದು ಆಯಿ."

"ಮಮ್ಮಗಳು ಮನ್ಯಾಗ ಒಬ್ಬಾಕಿನ ಇರತಾಳ್ರಿ. ಕತ್ತಲಾದ್ರ ಅಂಜತಾಳ. ಹಿಂಗ ನಾಕ ವರ್ಷಾತು."

ಅವಳು ಒಳಗೆ ಹೋಗಿ, ತನ್ನ ಸೀಟಿನಲ್ಲಿ ಕೂತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನಿನ್ನೆ ಆಕಿ ಕೇಳಿದಳ್ರಿ, ಆಯಿ ಇವತ್ಯಾಕ ಲಗೂ ಬಂದಿ ಅಂತ. ಏನ ಹೇಳಬೇಕು ತಿಳೀಲಿಲ್ಲ," ಅಂದಳು. "ಇವತ್ತ ಹೇಳತೇನಿ."