ಕಾರಿನೊಳಗಿನ ಕೊಂಡಿ

ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಾಗಿಲು ಬಡಿದ. ನಾನು ಎಂದಿನಂತೆ ಪಾತ್ರೆ ಹಿಡಿದೆ. ಒಳಗೆ ಅತ್ತೆ ಗುರುಸಿದ್ದವ್ವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂತಾಗಿತ್ತು. ಮಗನನ್ನು ಮಣ್ಣು ಮಾಡಿದ ದಿನದಿಂದ ನಿಂತಿದ್ದ ಮಗ್ಗದ ಸದ್ದು ಓಣಿಯ ಉಳಿದ ಮಗ್ಗಗಳ ಸದ್ದಿನೊಳಗೆ ಸೇರಿಕೊಂಡಿತು.

ನಾನು ಕಲಿಸುವ ಕಾಲೇಜಿಗೆ ಇನ್ನೂ ರಜೆ ಹಾಕಿದ್ದೆ. ಮಾಡಲು ಏನೂ ಇರಲಿಲ್ಲ. ಹಿತ್ತಲ ಬಾಗಿಲು ತೆರೆದರೆ ಕಾರು ಕಂಡಿತು.

ಅದು ನಮ್ಮದಲ್ಲ. ಹುನಗುಂದದ ಖಲೀಲಸಾಬರ ಹಳೆಯ ಫಿಯಟ್, ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನದು. ಇಳಕಲ್ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಗಂಡ ಚೇತನನಿಗೆ ಗಾಡಿಗಳ ವೈರಿಂಗ್ ಮಾಡುವ ಅಂಗಡಿ ಇತ್ತು. ಎರಡು ವರ್ಷದ ಹಿಂದೆ ಆ ಕಾರಿನ ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕಿದವನು ಅವನೇ. ಅದೇ ಸಲಿಗೆಯಲ್ಲಿ ಈ ಸಲ, ನನ್ನನ್ನು ಮಹಾಕೂಟಕ್ಕೆ ಕರೆದೊಯ್ಯಲು, ಎರಡು ದಿನಕ್ಕೆಂದು ಕೇಳಿ ತಂದಿದ್ದ.

ಕೊಡುವಾಗ ಖಲೀಲಸಾಬ ನನ್ನೆದುರೇ ಹೇಳಿದ್ದರು. “ಲೇ ಚೇತನ್ಯಾ, ಗಾಡಿ ತಾನ ನಡಕೊಂಡ ಬರಬೇಕ ನೋಡು. ಹಗ್ಗಾ ಹಚ್ಚಿ ಜಗ್ಗಿಕೊಂಡ ಬಂದ್ಯೋ, ಅದ ಹಗ್ಗಕ್ಕ ನಿನ್ನೂ ಕಟ್ಟಿ ಹಾಕ್ತೇನಿ.”

“ಚಾಚಾ, ಅದು ನನ್ನ ಕೈಯಾಗಿನ ವೈರಿಂಗು. ನೀವ ನಿಂತ್ರೂ ಅದು ನಿಲ್ಲಂಗಿಲ್ಲ.”

ಮರಳುವಾಗ ಅಮೀನಗಡದ ಹತ್ತಿರ ಅದು ನಿಂತಿತು. ಎಂಜಿನ್ ತಣ್ಣಗಾದ ಮೇಲೆ ಹೊರಟಿತು. ಕಾದ ಮೇಲೆ ಮತ್ತೆ ನಿಂತಿತು. ಕೊನೆಗೆ ಟ್ರ್ಯಾಕ್ಟರಿಗೆ ಕಟ್ಟಿದರು. ಹುನಗುಂದದೊಳಗೆ ಹಾಯುವಾಗ ಚೇತನ ಯಾರೂ ಗುರುತಿಸದಿರಲೆಂದು ತಲೆಗೆ ಟವೆಲು ಸುತ್ತಿಕೊಂಡು ಸ್ಟೇರಿಂಗ್ ಹಿಡಿದಿದ್ದ. ನಾನು ನಕ್ಕೆ. ಅವನು ನಗಲಿಲ್ಲ.

ಆಮೇಲೆ ಕಿಡಿ ಹುಟ್ಟಿಸುವ ಕಾಯಿಲ್ ಬದಲಿಸಿದ, ಪಾಯಿಂಟ್ ಬದಲಿಸಿದ, ಪ್ಲಗ್ಗು, ಬ್ಯಾಟರಿ ಎಲ್ಲ ಬದಲಿಸಿದ. ಕಾದರೆ ನಿಲ್ಲುವುದು ತಪ್ಪಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ನಾನು ಹಿತ್ತಲಲ್ಲಿ ನಿಂತಿದ್ದಾಗಲೇ ಖಲೀಲಸಾಬರ ಫೋನ್ ಬಂತು.

“ಸುನಂದಾ, ಗಾಡೀ ಚಿಂತಿ ಮಾಡಬ್ಯಾಡ ಬೇಟಿ. ರವಿವಾರ ಬಾಗಲಕೋಟಿ ಮಿಸ್ತ್ರಿನ್ನ ಕರಕೊಂಡ ಬರ್ತೇನಿ. ಅಂವಾ ಹಗ್ಗಾ ಕಟ್ಟಿ ಒಯ್ದು, ಎಲ್ಲಾ ಬಿಚ್ಚಿ ನೋಡ್ತಾನ.”

“ಹಗ್ಗಾ ಬ್ಯಾಡ್ರಿ ಚಾಚಾ. ನಾನ ತರ್ತೇನಿ.”

“ನಡಿಸಿಕೊಂಡ?”

“ಹೂನ್ರಿ.”

“ಆತು. ರವಿವಾರತನಾ ದಾರಿ ನೋಡ್ತೇನಿ.”

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಚೇತನನ ಕೈಯಲ್ಲಿ ಸೋತ ಗಾಡಿಯನ್ನು ಇನ್ನೊಬ್ಬ ಮಿಸ್ತ್ರಿ ಎಳೆದೊಯ್ಯುವುದು ಬೇಡವಾಗಿತ್ತು, ಅಷ್ಟೇ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು ನಾನು. ವಿದ್ಯುತ್ತು ಹೇಗೆ ಹರಿಯುತ್ತದೆಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಗಾಡಿ ರಿಪೇರಿ ಮಾಡಿದವಳಲ್ಲ. ನಡೆಸುವುದನ್ನು ಮಾತ್ರ ಚೇತನ ಕಲಿಸಿದ್ದ.

ಬಾನೆಟ್ ತೆರೆದು ಎಂಜಿನ್ ಚಾಲೂ ಮಾಡಿ, ನಿಲ್ಲುವವರೆಗೂ ಹತ್ತಿರ ಕೂತೆ. ನಿಂತ ಕೂಡಲೇ, ಚಾವಿ ಹಾಗೇ ಬಿಟ್ಟು, ಅವನ ಟೆಸ್ಟ್ ಬಲ್ಬನ್ನು ಕಾಯಿಲ್‌ಗೆ ಹಚ್ಚಿದೆ. ಬಲ್ಬು ಮಿಣುಕಿತು. ಚಾವಿ ಹಾಕುವ ಸ್ವಿಚ್ಚಿನ ಹಿಂದೆ ಹಚ್ಚಿದೆ. ಪೂರ್ತಿ ಉರಿಯಿತು. ಅಂದರೆ ತಪ್ಪು ಎರಡರ ನಡುವಿನ ವೈರಿನಲ್ಲಿತ್ತು. ಅವನು ಹೊಸದಾಗಿ ಹಾಕಿದ್ದ ವೈರು.

ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಕಪ್ಪು ಟೇಪು ಬಿಚ್ಚುತ್ತ ಹೋದೆ. ವೈರಿನ ಉದ್ದ ಸಾಲದೆ ಇದ್ದ ಕಡೆ ಜೋಡಣೆ ಇತ್ತು. ತಾಮ್ರದ ಎರಡು ತುದಿಗಳು, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ. ಬೆಸುಗೆ ಇರಲಿಲ್ಲ. ಬೆರಳಿನಿಂದ ಅಲುಗಿಸಿದರೆ ಮತ್ತೆ ಕಾಯಿಲ್‌ಗೆ ಹಚ್ಚಿ ಒಳಗೆ ತಂದಿಟ್ಟುಕೊಂಡಿದ್ದ ಬಲ್ಬು ಒಮ್ಮೆ ಬೆಳಗಿ ಮತ್ತೆ ಮಂದವಾಯಿತು.

“ಅತ್ತಿ, ಇಲ್ಲಿ ಸ್ವಲ್ಪ ಬರ್ರಿ.”

ಅವರು ಬಂದು ಬಾಗಿ, ಮೊಬೈಲಿನ ಬೆಳಕಿನಲ್ಲಿ ನೋಡಿದರು.

“ಇದು ಕೊಂಡಿ,” ಎಂದರು.

ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಯೊಳಗೆ ಕುಣಿಕೆ ಹಾಕಿ ಒಂದೊಂದಾಗಿ ಕೂಡಿಸುತ್ತಾರೆ. ಅದೇ ಕೊಂಡಿ. ಎಳೆದಷ್ಟೂ ಬಿಗಿಯಾಗುತ್ತದೆ.

“ಭಾಳ ಚಂದ ಹಾಕ್ಯಾನ,” ಎಂದರು ಅತ್ತೆ. “ಸಣ್ಣಾಂವ ಇದ್ದಾಗ ನನ್ನ ಬಾಜೂಕ ಕುಂತು ಹಾಕತಿದ್ದ. ನನಗಿಂತ ಲಗೂ ಹಾಕತಿದ್ದ, ಹಲ್ಕಟ್ಟ.” ಆಮೇಲೆ ನನ್ನ ಮುಖ ನೋಡಿದರು. “ಇದರಿಂದನ ಗಾಡಿ ನಿಲ್ಲತೈತೇನು?”

“ಹೂನ್ರಿ. ದಾರದಾಗ ಹಿಡೀತೈತಿ. ತಾಮ್ರದಾಗ ಹಿಡಿಯೂದಿಲ್ಲ. ಗಾಡಿ ಅಲುಗಿ ಅಲುಗಿ ಸಡ್ಲ ಆಗೇತಿ. ಕಾದ್ರ ಪೂರಾ ಬಿಡತೈತಿ.”

“ಅವಗ ಗೊತ್ತಾಗಲಿಲ್ಲೇನು?”

ಅವನು ಇದೊಂದನ್ನು ಬಿಟ್ಟು ಬೇರೆಲ್ಲವನ್ನೂ ಬಿಚ್ಚಿ ನೋಡಿದ್ದ. ಇದನ್ನು ಮಾಡಿದವನು ತಾನೇ ಆದ್ದರಿಂದ ನೋಡಿರಲಿಲ್ಲ. ಕೈ ಚಾಚಿ ಚಾವಿ ತಿರುಗಿಸಿ ಬಲ್ಬು ಆರಿಸಿದೆ.

“ಬಾಗಲಕೋಟಿ ಮಿಸ್ತ್ರಿ ನೋಡಿದ್ರ ಏನಂದಾನು?” ಎಂದರು ಅತ್ತೆ.

“ನಗತಾನ್ರಿ. ಇಳಕಲ್ಲಾಂವ ಗಾಡ್ಯಾಗ ಸೀರಿ ನೇಯ್ದಾನ ಅಂತಾನ.”

ಅತ್ತೆಯ ಬಾಯಿ ನಗುವಿಗೆ ಅಲುಗಿತು, ನಿಂತಿತು.

“ಕತ್ತರಸು,” ಎಂದರು.

ಬ್ಯಾಟರಿ ಬಿಚ್ಚಿ ಬಂದು ಕತ್ತರಿಸಿದೆ. ಅವರು ಅಂಗೈ ಚಾಚಿದರು, ತುಂಡನ್ನು ಅಲ್ಲಿಟ್ಟೆ. ಉಗುರಿನಿಂದ ಬಿಡಿಸಲು ನೋಡಿದರು, ಬಿಡಲಿಲ್ಲ. “ಗಟ್ಟಿ ಐತಲ್ಲವಾ,” ಎಂದು ಅದನ್ನು ಹಿಡಿದುಕೊಂಡೇ ಒಳಗೆ ಹೋದರು. ನಾನು ಹೊಸ ವೈರಿನ ತುಂಡು ಕೂಡಿಸಿ, ಬೆಸುಗೆ ಹಾಕಿ, ಟೇಪು ಸುತ್ತಿದೆ. ಲ್ಯಾಬಿನಲ್ಲಿ ಕಲಿತ ಕೆಲಸ ಅದೊಂದೇ.

ಟೇಪಿನ ಕೆಳಗೆ ಇನ್ನೂ ಕೊಂಡಿಗಳಿದ್ದವು. ಹಾರ್ನಿನ ವೈರಿಗೆ, ಹೆಡ್‌ಲೈಟಿನ ವೈರಿಗೆ. ಕತ್ತರಿ ಕೈಯಲ್ಲೇ ಇತ್ತು. ಕೊಂಡಿ ಒಂದೊಂದೂ ಒಂದೇ ಅಳತೆಯದು. ಕತ್ತರಿಸದೆ ಅವುಗಳ ಮೇಲೆ ಮತ್ತೆ ಟೇಪು ಸುತ್ತಿದೆ.

ರವಿವಾರ ಬೆಳಿಗ್ಗೆ ಒಬ್ಬಳೇ ಹೊರಟೆ. ಹುನಗುಂದ ಹತ್ತಿರದ ಊರು. ಅಷ್ಟಕ್ಕೆ ಎಂಜಿನ್ ಪೂರ್ತಿ ಕಾಯುವುದಿಲ್ಲ. ಹಾಗಾಗಿ ಹುನಗುಂದವನ್ನೂ ದಾಟಿ ಕೂಡಲಸಂಗಮದ ಕ್ರಾಸಿನವರೆಗೂ ನಡೆಸಿದೆ. ಲಾರಿಗಳು ನನ್ನನ್ನು ಹಿಂದೆ ಹಾಕಿ ಹೋದವು. ಎರಡೂ ಕಡೆ ಕಪ್ಪು ಹೊಲ. ಕ್ರಾಸಿನಲ್ಲಿ ತಿರುಗಿಸಿದಾಗಲೂ ಎಂಜಿನ್ ಒಂದೇ ಸಮ ಓಡುತ್ತಿತ್ತು. ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಯಾರೂ ಇರಲಿಲ್ಲ. ಹಾರ್ನ್ ಒತ್ತಿದೆ. ಅದು ಅವನ ಕೊಂಡಿಯಿಂದ ಕೂಗಿತು.

ಖಲೀಲಸಾಬ ಕಟ್ಟೆಯ ಮೇಲೆ ಕೂತಿದ್ದರು. ಎದ್ದು ಬಂದು, ಎಂಜಿನ್ ಓಡುತ್ತಿದ್ದಂತೆಯೇ ಬಾನೆಟ್ ಮೇಲೆ ಅಂಗೈ ಇಟ್ಟರು. ಅವರ ಹೆಂಡತಿ ಬಿಬಿಜಾನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

“ಏನಾಗಿತ್ತ ಬೇಟಿ?”

ಸುಮ್ಮನಿದ್ದರೆ ಚೇತನನ ಹೆಸರು ಉಳಿಯುತ್ತಿತ್ತು. ಆದರೆ ಹೆಡ್‌ಲೈಟು ಕತ್ತಲ ದಾರಿಯಲ್ಲಿ ಆರಿದರೆ?

“ತಪ್ಪು ಅವರದ ಇತ್ತರಿ ಚಾಚಾ. ವೈರ ಕೂಡಿಸಿದ್ದು ಸರಿ ಇರಲಿಲ್ಲ. ಒಂದನ್ನ ತೆಗದೇನಿ. ಹಾರ್ನಿಂದು, ಲೈಟಿಂದು ಹಂಗ ಅದಾವು. ಕತ್ತರಸಾಕ ನನ್ನ ಕೈ ಬರಲಿಲ್ಲ. ಮಿಸ್ತ್ರಿ ಕಡೆ ತೆಗಸರಿ.”

ಅವರು ಬಾನೆಟ್ ಮೇಲಿನ ಧೂಳನ್ನು ತೋಳಿನಿಂದ ಒರೆಸಿದರು.

“ರಾತ್ರಿ ನಾ ಎಲ್ಲಿ ಗಾಡಿ ಹೊಡೀತೇನಿ? ಈ ಕಣ್ಣಿಗೆ ಹಗಲನ ಕಾಣೂದಿಲ್ಲ. ಇರಲಿ ಬಿಡು.”

“ಕಾಣೂದಿಲ್ಲ ಅಂತಾರ, ಹೊಡಿಯೂದ ಬಿಡೂದಿಲ್ಲ,” ಎಂದರು ಬಿಬಿಜಾನ. “ಒಳಗ ಬಾರವಾ. ಏನರೆ ತಿಂದೀಯೋ ಇಲ್ಲೋ?”

ಎಂಜಿನ್ ಬಂದ್ ಮಾಡಿದೆ. ಕಾರಿನ ಚಾವಿ ಚೇತನನ ಗೊಂಚಲಿನಲ್ಲಿತ್ತು, ಅಂಗಡಿಯ ಚಾವಿ, ಮನೆಯ ಚಾವಿಗಳ ಜೊತೆ. ಗೊಂಚಲಿನ ರಿಂಗು ಬಿಗಿಯಾಗಿತ್ತು. ಬಿಡಿಸಲು ಹೊತ್ತು ಹಿಡಿಯಿತು. ಖಲೀಲಸಾಬ ಕೈ ಚಾಚಿ ಕಾದರು.